ಕಾವಿನಿಂದ ಎದ್ದ ಹ್ಯಾಟೆ ಮಂಕಾಗಿದೆ, ಜುಟ್ಟು ಬಿಳಚಿದೆ, ಕಾಲಿಗೆ ಬಲವಿಲ್ಲ: ಏನಾಗಿರಬಹುದು?

ಹಿರಿಯೂರು ಹಿತ್ತಲು

ಎಲ್ಲರಿಗೂ ನಮಸ್ಕಾರ. ನಮ್ಮದು ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿ. ಹಿತ್ತಲಲ್ಲಿ 11 ನಾಟಿ ಹ್ಯಾಟೆ, ಒಂದು ಹುಂಜ ಇವೆ. ಅದರಲ್ಲಿ ಕೆಂಚಿಗೆ ಹುಷಾರಿಲ್ಲ. ಎರಡು ವರ್ಷದ ಕೋಳಿ. ಮರಿ ಮಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅದಕ್ಕೇ ಹೊಟ್ಟೆ ಉರಿಯುತ್ತಿದೆ.

ಯುಗಾದಿ ಮುಂಚೆ 12 ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದ್ದೆ. ಯಾವತ್ತೂ 21 ದಿನ ಅಲ್ಲಾಡದೆ ಕೂರುವವಳು ಈ ಸಲ ಎರಡು ವಾರ ಆಗುವಷ್ಟರಲ್ಲಿ ಎದ್ದುಬಿಟ್ಟಳು. ತಿರುಗಿ ಕೂರಿಸಿದರೂ ಕೂರಲಿಲ್ಲ. ಮೊಟ್ಟೆ ಎಲ್ಲಾ ಹಾಳಾದವು. ಬಿಸಿಲಿಗೆ ಎದ್ದಳೇನೋ ಅಂತ ಸುಮ್ಮನಾದೆವು.

ಈಗ ನಾಲ್ಕಾರು ದಿನದಿಂದ ಗರಿ ಕೆದರಿಕೊಂಡು ಮೂಲೆಯಲ್ಲಿ ನಿಲ್ಲುತ್ತಾಳೆ. ಕಣ್ಣು ಮುಚ್ಚಿ ತೂಕಡಿಸುತ್ತಾಳೆ. ಜುಟ್ಟು ಕೆಂಪಗಿರಬೇಕಾದದ್ದು ಬಿಳಚಿಕೊಂಡಿದೆ. ಹಿಕ್ಕೆ ನೀರು ನೀರಾಗಿ ಹಸಿರು, ಅದರಲ್ಲಿ ಬಿಳಿ. ಜೋಳದ ನುಚ್ಚು ಹಾಕಿದರೆ ಒಂದೆರಡು ಕುಕ್ಕಿ ಬಿಡುತ್ತಾಳೆ, ನೀರು ಮಾತ್ರ ಕುಡಿಯುತ್ತಲೇ ಇರುತ್ತಾಳೆ. ಇವತ್ತು ಬೆಳಿಗ್ಗೆ ನಾಲ್ಕು ಹೆಜ್ಜೆ ಇಟ್ಟು ಕೂತುಬಿಟ್ಟಳು. ಕಾಲಿನಲ್ಲಿ ಬಲವಿಲ್ಲ. ಉಳಿದ ಕೋಳಿಗಳೆಲ್ಲ ಚೆನ್ನಾಗಿ ಓಡಾಡಿಕೊಂಡು ತಿಂದುಕೊಂಡು ಇವೆ.

ನಮ್ಮತ್ತೆ ಕೊಕ್ಕರೆ ರೋಗ (ರಾಣಿಖೇತ್) ಅನ್ನುತ್ತಾರೆ. ಪಕ್ಕದ ಮನೆಯವರು ಬೆಳ್ಳುಳ್ಳಿ, ಅರಿಶಿನ ಅರೆದು ಹಾಕು ಅಂದರು. ಔಷಧಿ ಅಂಗಡಿಯಲ್ಲಿ ಯಾವುದೋ ಹಳದಿ ಪುಡಿ ಕೊಟ್ಟು ನೀರಿಗೆ ಬೆರೆಸಿ ಅಂದರು. ಏನು ಕಾಯಿಲೆ ಅಂತಲೇ ಗೊತ್ತಿಲ್ಲದೆ ಕೊಡಲು ನನಗೆ ಮನಸ್ಸಿಲ್ಲ. ಕೊಯ್ದು ಸಾರು ಮಾಡಿ ಮುಗಿಸಿ ಅಂತ ಹೇಳುವವರು ದಯವಿಟ್ಟು ಹೇಳಬೇಡಿ, ಅದನ್ನು ಮನೆಯಲ್ಲೇ ಬೇಕಾದಷ್ಟು ಕೇಳಿಸಿಕೊಂಡಿದ್ದೇನೆ. ಏನು ನೋಡಬೇಕು, ಹೇಗೆ ಕಂಡುಹಿಡಿಯಬೇಕು ಅಂತ ತಿಳಿದವರು ಹೇಳಿ.

ತುಮಕೂರು ನಾಟಿ

ಅಕ್ಕಾ, ಮೊದಲು ಅದನ್ನು ಬೇರೆ ಇಡಿ. ಬುಟ್ಟಿ ಕವುಚಿ ನೆರಳಲ್ಲಿ ಇಟ್ಟರೂ ಸಾಕು. ಅದರ ನೀರಿನ ಬಟ್ಟಲು ಬೇರೆ ಇರಲಿ.

ಹಸಿರು ಹಿಕ್ಕೆ ಅಂದ ತಕ್ಷಣ ನನಗೂ ಕೊಕ್ಕರೆ ರೋಗದ ಭಯವೇ ಬರುತ್ತದೆ. ಲಸಿಕೆ ಹಾಕಿಸಿದ್ದೀರಾ? ಕತ್ತು ತಿರುಚುತ್ತದೆಯಾ? ಬಾಯಿ ತೆರೆದು ಗೊರ ಗೊರ ಉಸಿರಾಡುತ್ತದೆಯಾ? ನಿಮ್ಮ ಬೀದಿಯಲ್ಲಿ ಬೇರೆ ಯಾರ ಕೋಳಿಯಾದರೂ ಸತ್ತಿದೆಯಾ? ನಮ್ಮೂರಲ್ಲಿ ಬಂದಾಗ ಒಂದು ಮನೆಯಿಂದ ಶುರುವಾಗಿ ಒಂದೇ ವಾರದಲ್ಲಿ ಬೀದಿಯ ಗೂಡುಗಳೆಲ್ಲ ಖಾಲಿಯಾಗಿದ್ದವು.

ಹಿರಿಯೂರು ಹಿತ್ತಲು

ಬೇರೆ ಇಟ್ಟಿದ್ದೇನೆ. ಲಸಿಕೆ ಎಲ್ಲಕ್ಕೂ ಆಗಿದೆ. ಮರಿಯಿದ್ದಾಗ ಕಣ್ಣಿಗೆ ಹನಿ ಹಾಕಿಸಿದ್ದೆ, ಆಮೇಲೆ ರೆಕ್ಕೆಯ ಹತ್ತಿರ ಚುಚ್ಚಿಸಿದ್ದೂ ಆಗಿದೆ. ಕತ್ತು ನೆಟ್ಟಗಿದೆ, ಉಸಿರು ಸರಿಯಾಗಿದೆ. ಬೀದಿಯಲ್ಲಿ ಯಾರ ಕೋಳಿಯೂ ಸತ್ತಿಲ್ಲ.

ಸಾಗರ ಗೂಡು

ಮೊಟ್ಟೆ ಸಿಕ್ಕಿಕೊಂಡಿರಬಹುದಾ? ನಮ್ಮ ಕೋಳಿ ಒಂದು ಹೀಗೇ ಗರಿ ಕೆದರಿ ಕೂತಿತ್ತು. ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಅರ್ಧ ಗಂಟೆ ಕೂರಿಸಿದೆವು, ಸಂಜೆ ಮೊಟ್ಟೆ ಬಂತು. ಇಲ್ಲದಿದ್ದರೆ ಬರೀ ಕಾವಿನ ಸೊರಗು ಇರಬಹುದು. ಕಾವಿಗೆ ಕೂತ ಕೋಳಿ ತಿನ್ನುವುದೇ ಕಮ್ಮಿ, ಜುಟ್ಟೂ ಬಿಳಚಿಕೊಳ್ಳುತ್ತದೆ ಅಲ್ವಾ? ಎದ್ದ ಮೇಲೆ ಸರಿಹೋಗಬಹುದು.

ನಿವೃತ್ತ ಪಶು ಪರಿವೀಕ್ಷಕ

ತಾಯಿ, ಪುಡಿ ಬೆರೆಸದೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಕೋಳಿಯ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ದೂರದಿಂದ ಒಂದೇ ಥರ ಕಾಣುತ್ತವೆ. ಗರಿ ಕೆದರುವುದು, ತೂಕಡಿಸುವುದು, ಮೇವು ಬಿಡುವುದು. ಇಷ್ಟರಿಂದ ಯಾರೂ ಹೆಸರು ಹೇಳಲು ಆಗುವುದಿಲ್ಲ. ಕೈಗೆತ್ತಿಕೊಂಡು ಹುಡುಕಬೇಕು. ನಾನು ಕೆಲಸದಲ್ಲಿದ್ದಾಗ ಮಾಡುತ್ತಿದ್ದ ಕ್ರಮವನ್ನೇ ಹೇಳುತ್ತೇನೆ, ನಾಳೆ ಬೆಳಿಗ್ಗೆ ಮೇವು ಹಾಕುವ ಮುಂಚೆ ಮಾಡಿ.

ಮೊದಲು ಹಸಿರು ಹಿಕ್ಕೆಯ ವಿಷಯ. ಹಿಕ್ಕೆಯಲ್ಲಿ ಕಾಣುವ ಬಿಳಿ ಅಂದರೆ ಕೋಳಿಯ ಮೂತ್ರ, ಅದು ಇರಲೇಬೇಕು. ಹಸಿರು ಬಣ್ಣ ಪಿತ್ತದ್ದು. ಕೋಳಿ ಮೇವು ಬಿಟ್ಟರೆ ಕರುಳಲ್ಲಿ ಪಿತ್ತ ಒಂದೇ ಹರಿದು ಹಿಕ್ಕೆ ಹಸಿರಾಗುತ್ತದೆ. ಕೊಕ್ಕರೆ ರೋಗದಲ್ಲೂ ಹಸಿರೇ, ಜ್ವರದಲ್ಲೂ ಹಸಿರೇ, ಬರೀ ಉಪವಾಸದಲ್ಲೂ ಹಸಿರೇ. ಆದ್ದರಿಂದ ಹಸಿರು ನೋಡಿ ಯಾವ ನಿರ್ಧಾರಕ್ಕೂ ಬರಬೇಡಿ. ರಕ್ತ ಇದೆಯಾ, ಹುಳ ಇದೆಯಾ, ಅದನ್ನು ನೋಡಿ. ರಾತ್ರಿ ಅದರ ಕೆಳಗೆ ಹಳೇ ಪೇಪರ್ ಹಾಕಿದರೆ ಬೆಳಿಗ್ಗೆ ಸ್ಪಷ್ಟವಾಗಿ ಕಾಣುತ್ತದೆ. ಕಂದು ಬಣ್ಣದ ಅಂಟಂಟು ಹಿಕ್ಕೆ ಒಂದೆರಡು ಕಂಡರೆ ಹೆದರಬೇಡಿ, ಗಟ್ಟಿಮುಟ್ಟಾದ ಕೋಳಿಯೂ ದಿನಕ್ಕೆ ಕೆಲವು ಸಲ ಹಾಗೆ ಹಾಕುತ್ತದೆ.

ಆಮೇಲೆ ಕೋಳಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಕತ್ತಿನ ಬುಡದಲ್ಲಿ, ಎದೆಯ ಬಲಗಡೆಗೆ ಮೇವಿನ ಚೀಲ ಇರುತ್ತದೆ. ಬೆಳಿಗ್ಗೆ ಹೊತ್ತಿಗೆ ಅದು ಖಾಲಿ ಇರಬೇಕು. ಗಟ್ಟಿ ಉಂಡೆ ಸಿಕ್ಕರೆ ಒಣಹುಲ್ಲೋ ದಾರವೋ ಕಟ್ಟಿಕೊಂಡಿದೆ. ನೀರು ತುಂಬಿದ ಬಲೂನಿನ ಹಾಗೆ ಇದ್ದು ಬಾಯಿಂದ ಹುಳಿ ವಾಸನೆ ಬಂದರೆ ಮೇವು ಒಳಗೇ ಕೊಳೆಯುತ್ತಿದೆ. ಚೀಲ ಖಾಲಿ ಇದ್ದರೆ ಆ ಎರಡನ್ನೂ ಬಿಡಬಹುದು.

ಎದೆ ಮೂಳೆ ಮೇಲೆ ಬೆರಳಾಡಿಸಿ. ಎರಡೂ ಕಡೆ ಮಾಂಸ ತುಂಬಿಕೊಂಡಿರಬೇಕು. ಚೂರಿಯ ಅಲಗು ಸಿಕ್ಕ ಹಾಗಿದ್ದರೆ ಕೋಳಿ ವಾರಗಳಿಂದ ಸೊರಗುತ್ತಿದೆ ಎಂದರ್ಥ. ಇದು ಬಹಳ ಮುಖ್ಯ. ಕೊಕ್ಕರೆ ರೋಗ ಬಂದರೆ ಕೋಳಿಗೆ ಸೊರಗಲು ಪುರುಸೊತ್ತೇ ಇರುವುದಿಲ್ಲ, ಮೈ ತುಂಬಿಕೊಂಡಿರುವಾಗಲೇ ಸಾಯುತ್ತದೆ.

ಬಾಯಿ ತೆರೆದು ನೋಡಿ. ಬಿಳಿ ಅಥವಾ ಹಳದಿ ಪೊರೆ ಅಂಟಿಕೊಂಡಿದೆಯಾ? ಮೂಗಿನಿಂದ ಸಿಂಬಳ, ಕೆಟ್ಟ ವಾಸನೆ, ಕಣ್ಣಿನ ಕೆಳಗೆ ಊತ ಇದೆಯಾ? ಮೂಗು, ಕಣ್ಣಿನಲ್ಲಿ ಇವು ಇದ್ದರೆ ಅದು ಕೋಳಿ ನೆಗಡಿಯ ದಾರಿ. ಜುಟ್ಟಿನ ಮೇಲೆ, ಕೊಕ್ಕಿನ ಸುತ್ತ ಹುರುಪೆ ಕಟ್ಟಿದ ಗುಳ್ಳೆ ಇದ್ದರೆ ಸಿಡುಬು. ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಜುಟ್ಟು ಬಿಳಚಿರುವುದಕ್ಕಿಂತ ಒಳಗಿನ ಬಣ್ಣ ಬಿಳಚಿರುವುದು ದೊಡ್ಡ ಸುಳಿವು. ರಕ್ತ ಕಮ್ಮಿಯಾಗಿದೆ ಅಂತ ಅದು ಹೇಳುತ್ತದೆ.

ಸಾಗರದವರು ಕೇಳಿದ ಮೊಟ್ಟೆಯ ಪ್ರಶ್ನೆ ಸರಿಯಾದದ್ದೇ. ಮೊಟ್ಟೆ ಬರುವ ದ್ವಾರದ ಎರಡು ಪಕ್ಕ ಎರಡು ತೆಳು ಮೂಳೆ ಸಿಗುತ್ತವೆ. ಮೊಟ್ಟೆ ಇಡುತ್ತಿರುವ ಕೋಳಿಗೆ ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತವೆ. ಇಡದ ಕೋಳಿಗೆ ಒಂದು ಬೆರಳೂ ಕಷ್ಟ. ಕಾವಿಗೆ ಕೂತ ಕೋಳಿ ಮೊಟ್ಟೆ ನಿಲ್ಲಿಸಿರುತ್ತದೆ, ಹಾಗಾಗಿ ಮೊಟ್ಟೆ ಸಿಕ್ಕಿಕೊಳ್ಳುವ ಸಂಭವ ಇಲ್ಲಿ ಕಮ್ಮಿ. ಆದರೂ ಮುಟ್ಟಿ ನೋಡಿ. ಒಳಗೆ ಗಟ್ಟಿಯಾಗಿ ಏನಾದರೂ ಸಿಕ್ಕರೆ ಹಿಸುಕಬೇಡಿ, ಮೊಟ್ಟೆ ಒಳಗೇ ಒಡೆದರೆ ಕೋಳಿ ಉಳಿಯುವುದು ಕಷ್ಟ. ಹೊಟ್ಟೆಯ ಕೆಳಭಾಗ ನೀರು ತುಂಬಿದ ಹಾಗೆ ಜೋತುಬಿದ್ದಿದೆಯಾ ಅನ್ನುವುದನ್ನೂ ನೋಡಿ.

ಕೈಯಲ್ಲಿ ಮುಟ್ಟಿ ಜ್ವರ ಹೇಳಲು ಹೋಗಬೇಡಿ. ಕೋಳಿಯ ಮೈ ಯಾವಾಗಲೂ 41 ರಿಂದ 42 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ನಮ್ಮ ಕೈಗೆ ಅದು ಸದಾ ಬಿಸಿಯೇ.

ಇನ್ನು ಕಾವಿನ ಸೊರಗು. ಕಾವಿಗೆ ಕೂತಾಗ ತೂಕ ಇಳಿಯುವುದು, ಜುಟ್ಟು ಬಿಳಚುವುದು ನಿಜ. ಆದರೆ ಎದ್ದ ಮೇಲೆ ಕೋಳಿ ಬಕಾಸುರನ ಹಾಗೆ ತಿನ್ನಬೇಕು, ದಿನದಿಂದ ದಿನಕ್ಕೆ ಚುರುಕಾಗಬೇಕು. ನಿಮ್ಮದು ಎದ್ದ ಮೇಲೆ ಇನ್ನಷ್ಟು ಇಳಿಯುತ್ತಿದೆ. ಅದು ಕಾವಿನ ಲಕ್ಷಣ ಅಲ್ಲ.

ನಿಮ್ಮ ಮಾತಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದೇ. 21 ದಿನ ಅಲ್ಲಾಡದೆ ಕೂರುವ ಕೋಳಿ ಈ ಸಲ ಯಾಕೆ ಎದ್ದಿತು? ಒಳ್ಳೆಯ ತಾಯಿ ಕೋಳಿ ಸುಮ್ನೆ ಮೊಟ್ಟೆ ಬಿಟ್ಟು ಏಳುವುದಿಲ್ಲ. ಕೂತ ಜಾಗದಲ್ಲಿ ಏನೋ ಅದನ್ನು ಕಾಡಿದೆ. ಎಲ್ಲಿ ಕೂರಿಸಿದ್ದಿರಿ? ಉಳಿದ ಕೋಳಿಗಳು ರಾತ್ರಿ ಎಲ್ಲಿ ಮಲಗುತ್ತವೆ? ರೆಕ್ಕೆಯ ಅಡಿ, ತೊಡೆಯ ಸಂದಿ, ಬಾಲದ ಬುಡದ ಗರಿ ಬಿಡಿಸಿ ಚರ್ಮವನ್ನೇ ನೋಡಿ. ಹಗಲು ನೋಡಿದ್ದು ಸಾಲದು. ರಾತ್ರಿ ಒಂಬತ್ತು ಗಂಟೆಯ ಮೇಲೆ ಟಾರ್ಚ್ ಹಿಡಿದು ಕಾವಿನ ಜಾಗದ ಬಿರುಕು, ಸಂದುಗಳನ್ನೆಲ್ಲ ನೋಡಿ. ಒಂದು ಹಳೇ ಚಾಕು ಜೊತೆಗಿರಲಿ, ಬಿರುಕಿನೊಳಗೆ ಆಡಿಸಲು. ಏನು ಕಂಡಿತು ಅಂತ ಹಾಗೇ ಬರೆಯಿರಿ.

ನಡುವೆ ಬೇರೆ ಕೋಳಿಗಳು ಒಂದರ ಹಿಂದೆ ಒಂದು ಸಾಯತೊಡಗಿದರೆ ಈ ಹುಡುಕಾಟವನ್ನೆಲ್ಲ ಬಿಟ್ಟು ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದರೂ ಆಯಿತು. ಹಕ್ಕಿ ಜ್ವರ ನಮ್ಮ ರಾಜ್ಯಕ್ಕೆ ಹೊಸದಲ್ಲ, 2012ರಲ್ಲಿ ಹೆಸರಘಟ್ಟದಲ್ಲಿ ಟರ್ಕಿ ಕೋಳಿಗಳಲ್ಲಿ ಬಂದಿತ್ತು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಕೆರೆಗೆ ಎಸೆಯಬಾರದು.

ಹಿರಿಯೂರು ಹಿತ್ತಲು

ಸರ್, ಹೇಳಿದ ಹಾಗೇ ಎಲ್ಲಾ ನೋಡಿದೆ. ಒಂದೊಂದಾಗಿ ಬರೆಯುತ್ತೇನೆ.

ಮೇವಿನ ಚೀಲ ಪೂರ್ತಿ ಖಾಲಿ, ವಾಸನೆ ಇಲ್ಲ. ಬಾಯಿ, ಮೂಗು, ಕಣ್ಣು ಎಲ್ಲಾ ಸ್ವಚ್ಛ. ಎದೆ ಮೂಳೆ ಕೈಗೆ ಚುಚ್ಚುತ್ತದೆ, ಮಾಂಸವೇ ಇಲ್ಲ. ಗರಿಯಿಂದಾಗಿ ಇಷ್ಟು ಸೊರಗಿದ್ದು ಹೊರಗೆ ಕಾಣುತ್ತಲೇ ಇರಲಿಲ್ಲ. ಕಣ್ಣಿನ ರೆಪ್ಪೆಯ ಒಳಗೆ ಸುಣ್ಣದ ಬಣ್ಣ. ಪಕ್ಕದಲ್ಲಿ ಬೇರೆ ಕೋಳಿ ಹಿಡಿದು ಹೋಲಿಸಿ ನೋಡಿದೆ, ಅದರದ್ದು ಗುಲಾಬಿ ಬಣ್ಣಕ್ಕಿತ್ತು. ಹಿಂದಿನ ಎರಡು ಮೂಳೆಗಳ ನಡುವೆ ಒಂದೇ ಬೆರಳು ಹಿಡಿಯಿತು, ಒಳಗೆ ಗಟ್ಟಿ ಏನೂ ಇಲ್ಲ. ಹೊಟ್ಟೆ ಜೋತುಬಿದ್ದಿಲ್ಲ. ಪೇಪರ್ ಮೇಲೆ ಹಸಿರು ನೀರು, ಬಿಳಿ. ರಕ್ತ ಇಲ್ಲ, ಹುಳ ಇಲ್ಲ.

ರೆಕ್ಕೆಯ ಅಡಿ ನೋಡಿದಾಗ ಸಣ್ಣ ಸಣ್ಣ ನೀಲಿಗಪ್ಪು ಚುಕ್ಕಿಗಳು ಕಂಡವು. ಸಾಸಿವೆಗಿಂತಲೂ ಸಣ್ಣವು. ಮೊದಲು ರಕ್ತ ಹೆಪ್ಪುಗಟ್ಟಿದ್ದು ಅಂದುಕೊಂಡೆ. ಉಗುರಲ್ಲಿ ಕೆದಕಿದರೆ ಅಂಟಿಕೊಂಡಿದ್ದು ಕಿತ್ತು ಬಂತು, ಕಾಲು ಆಡಿಸುತ್ತಿತ್ತು. ಅದು ಕೂತಿದ್ದ ಜಾಗದಲ್ಲಿ ಕೆಂಪು ಗಾಯ.

ಕಾವಿಗೆ ಕೂರಿಸಿದ್ದು ಹಳೇ ಮನೆಯ ಮಣ್ಣಿನ ಗೋಡೆಯ ಗೂಡಿನಲ್ಲಿ. ಹಿಂದೆ ದೀಪ ಇಡುತ್ತಿದ್ದ ದೊಡ್ಡ ಗೂಡು ಅದು. ಮಾವನವರ ಕಾಲದಿಂದ ಕೋಳಿಗಳನ್ನು ಅಲ್ಲೇ ಕೂರಿಸುವುದು ರೂಢಿ. ಬೆಕ್ಕು, ಮುಂಗುಸಿ ಹತ್ತುವುದಿಲ್ಲ ಅಂತ. ಉಳಿದ ಕೋಳಿಗಳು ರಾತ್ರಿ ಅಂಗಳದ ಬೇವಿನ ಮರ ಹತ್ತುತ್ತವೆ. ಹಳೇ ಮನೆಗೆ ಹೋಗುವುದೇ ಇಲ್ಲ.

ರಾತ್ರಿ ಯಜಮಾನರನ್ನು ಕರೆದುಕೊಂಡು ಟಾರ್ಚ್ ಹಿಡಿದು ಹೋದೆ. ಬೆಳಕು ಬಿಟ್ಟ ತಕ್ಷಣ ಗೋಡೆಯಲ್ಲಿ ಏನೋ ಸರಿದಾಡಿತು. ಚಪ್ಪಟೆ ಹುಳುಗಳು, ಕಂದು ಬಣ್ಣ, ತೊಗಲಿನ ತುಂಡಿನ ಹಾಗೆ. ಕೆಲವು ಉಬ್ಬಿಕೊಂಡು ನೀಲಿ ಬಣ್ಣಕ್ಕೆ ತಿರುಗಿದ್ದವು. ಬಿರುಕಿನಲ್ಲಿ ಚಾಕು ಆಡಿಸಿದರೆ ಗೊಂಚಲು ಗೊಂಚಲಾಗಿ ಉದುರಿದವು. ಒಂದನ್ನು ಕಲ್ಲಿನಲ್ಲಿ ಜಜ್ಜಿದರೆ ರಕ್ತ. ಅಷ್ಟನ್ನೂ ನೋಡಿ ನನಗೆ ನಿದ್ದೆ ಬರಲಿಲ್ಲ ಸರ್. ಎರಡು ವಾರ ಅವಳು ಹಗಲು ರಾತ್ರಿ ಅದರ ನಡುವೆ ಕೂತಿದ್ದಳಲ್ಲ.

ಇದು ದನಕ್ಕೆ ಹತ್ತುವ ಉಣ್ಣೆಯೇನಾ?

ನಿವೃತ್ತ ಪಶು ಪರಿವೀಕ್ಷಕ

ಬಹಳ ಚೆನ್ನಾಗಿ ನೋಡಿದ್ದೀರಿ ತಾಯಿ. ಇದು ಕೋಳಿ ಉಣ್ಣೆ. ದನದ ಉಣ್ಣೆಯ ಜಾತಿ ಬೇರೆ. ಆ ಉಣ್ಣೆ ದಿನಗಟ್ಟಲೆ ದನದ ಮೈಮೇಲೇ ಇರುತ್ತದೆ, ಅದಕ್ಕೇ ನಮ್ಮ ಕಣ್ಣಿಗೆ ಬೀಳುತ್ತದೆ. ಕೋಳಿ ಉಣ್ಣೆ ಹಗಲೆಲ್ಲ ಗೋಡೆಯ ಬಿರುಕಲ್ಲಿ, ಮರದ ತೊಗಟೆಯಡಿ ಅಡಗಿರುತ್ತದೆ. ರಾತ್ರಿ ಬಂದು ಒಂದು ಗಂಟೆಯೊಳಗೆ ರಕ್ತ ಹೀರಿ ತಿರುಗಿ ಬಿರುಕು ಸೇರುತ್ತದೆ. ಹಗಲು ಕೋಳಿ ಹಿಡಿದು ನೋಡಿದರೆ ಏನೂ ಸಿಗದೇ ಇರುವುದು ಇದಕ್ಕೇ. ಮರಿ ಉಣ್ಣೆಗಳು ಮಾತ್ರ ಐದರಿಂದ ಹತ್ತು ದಿನ ಮೈಗೆ ಅಂಟಿಕೊಂಡಿರುತ್ತವೆ. ನೀವು ರೆಕ್ಕೆಯಡಿ ಕಂಡ ಚುಕ್ಕಿಗಳು ಅವೇ. ನಿಮ್ಮ ಚಿತ್ರದುರ್ಗದಂಥ ಒಣ ಸೀಮೆ, ಬೇಸಿಗೆ, ಹಳೇ ಮಣ್ಣಿನ ಗೋಡೆ, ಇವೆಲ್ಲ ಅದಕ್ಕೆ ಹೇಳಿ ಮಾಡಿಸಿದ್ದು.

ಈಗ ಕೆಂಚಿಗೆ ಆಗಿರುವುದು ಏನು? ರಕ್ತ ಹೀರಿ ಹೀರಿ ಬಡಕಲಾಗಿರುವುದು ಖಂಡಿತ. ರೆಪ್ಪೆಯ ಬಣ್ಣ ಅದನ್ನು ಹೇಳುತ್ತಿದೆ. ಆದರೆ ಬರೀ ರಕ್ತಹೀನತೆ ಆಗಿದ್ದರೆ ಕೋಳಿ ಮಂಕಾಗಿದ್ದರೂ ಮೇವು ಮುಟ್ಟುತ್ತದೆ. ಇದು ಮೇವು ಬಿಟ್ಟು ನೀರಿಗೆ ಬಿದ್ದಿದೆ, ತೂಕಡಿಸುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ, ಕಾಲು ಸೋತಿದೆ. ಇಷ್ಟೂ ಸೇರಿದಾಗ ನನಗೆ ಉಣ್ಣೆ ಜ್ವರದ ಅನುಮಾನ. ಉಣ್ಣೆ ಕಚ್ಚಿದಾಗ ಸ್ಪ್ರಿಂಗಿನ ಆಕಾರದ ಒಂದು ರೋಗಾಣು ರಕ್ತಕ್ಕೆ ಸೇರುತ್ತದೆ. ಬೊರೀಲಿಯಾ ಅಂತ ಅದರ ಹೆಸರು, ಕಾಯಿಲೆಗೆ ಸ್ಪೈರೋಕೀಟೋಸಿಸ್ ಅನ್ನುತ್ತಾರೆ. ಕಾಲು ಸೋಲಲು ಇನ್ನೊಂದು ಕಾರಣವೂ ಇರಬಹುದು. ಮರಿ ಉಣ್ಣೆಗಳು ಜಾಸ್ತಿ ಹತ್ತಿದ್ದರೆ ಅವುಗಳ ಜೊಲ್ಲಿನ ವಿಷಕ್ಕೇ ಕಾಲು ಸೋಲುವುದುಂಟು.

ಯಾವುದು ಅಂತ ಹೇಳುವುದು ರಕ್ತ ಪರೀಕ್ಷೆ. ನಾಳೆಯೇ ತಾಲ್ಲೂಕು ಪಶು ಆಸ್ಪತ್ರೆಗೆ ಬುಟ್ಟಿಯಲ್ಲಿ ಹಾಕಿಕೊಂಡು ಹೋಗಿ. ರೆಕ್ಕೆಯ ನರದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತಡ ಮಾಡಬೇಡಿ. ಜ್ವರ ಇರುವಾಗ ಮಾತ್ರ ರೋಗಾಣು ರಕ್ತದಲ್ಲಿ ಚೆನ್ನಾಗಿ ಕಾಣುತ್ತದೆ, ಆಮೇಲೆ ಮಾಯವಾಗುತ್ತದೆ. ಒಂದು ಸಣ್ಣ ಸೀಸೆಯಲ್ಲಿ ನಾಲ್ಕು ಉಣ್ಣೆ ಹಿಡಿದು ಬಿಗಿಯಾಗಿ ಮುಚ್ಚಿಕೊಂಡು ಹೋಗಿ ತೋರಿಸಿ. ಅದೊಂದು ತೋರಿಸಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿಯುತ್ತದೆ. ಉಣ್ಣೆ ಜ್ವರ ಆಗಿದ್ದರೆ ಪೆನ್ಸಿಲಿನ್‌ಗೆ ಬೇಗ ಬಗ್ಗುತ್ತದೆ. ಅಳತೆ ಅವರೇ ಹೇಳಬೇಕು, ಕೋಳಿಯ ತೂಕ ನೋಡಿ ಕೊಡುವಂಥದ್ದು ಅದು. ಅಂಗಡಿಯ ಹಳದಿ ಪುಡಿಯನ್ನು ಆ ಡಾಕ್ಟರಿಗೇ ತೋರಿಸಿ, ನೀವಾಗಿ ಕೊಡಬೇಡಿ.

ಮೈಮೇಲಿನ ಮರಿ ಉಣ್ಣೆಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತು ಬಿಸಿನೀರಿಗೆ ಹಾಕಿ. ಸೀಮೆಎಣ್ಣೆ ಸವರಬೇಡಿ, ಸೋತ ಕೋಳಿಯ ಚರ್ಮ ಸುಟ್ಟುಹೋಗುತ್ತದೆ. ಹೊಲಕ್ಕೆ ಹೊಡೆಯುವ ಕೀಟನಾಶಕವಂತೂ ಹತ್ತಿರವೂ ಬೇಡ. ತಿನ್ನಲು ರಾಗಿ ಗಂಜಿ, ಬೇಯಿಸಿದ ಮೊಟ್ಟೆ, ನುಗ್ಗೆ ಸೊಪ್ಪು ಸಣ್ಣಗೆ ಹೆಚ್ಚಿ ಕೊಡಿ. ನೀರು ಕೈಗೆಟುಕುವಷ್ಟು ಹತ್ತಿರ ಇರಲಿ, ಎದ್ದು ಹೋಗಿ ಕುಡಿಯುವ ಶಕ್ತಿ ಅದಕ್ಕಿಲ್ಲ.

ಸಾಗರ ಗೂಡು

ಉಣ್ಣೆ ಅಂದರೆ ನಮ್ಮ ಕಡೆ ಎದೆ ಝಲ್ ಅನ್ನುತ್ತದೆ ಸರ್. ಮಂಗನ ಕಾಯಿಲೆ ತರುವ ಉಣ್ಣೆ ಇದೇನಾ? ಅಕ್ಕನ ಮನೆಯವರಿಗೆ ಏನೂ ಆಗುವುದಿಲ್ಲ ತಾನೆ?

ನಿವೃತ್ತ ಪಶು ಪರಿವೀಕ್ಷಕ

ಅಲ್ಲ. 1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆಗೆ ಕಾಡಿನ ತರಗೆಲೆಯಲ್ಲಿರುವ ಬೇರೆ ಉಣ್ಣೆ ಕಾರಣ. ಗೂಡಿನ ಬಿರುಕಿನ ಈ ಉಣ್ಣೆಯಿಂದ ಮಂಗನ ಕಾಯಿಲೆ ಬರುವುದಿಲ್ಲ. ಕೋಳಿಯ ಉಣ್ಣೆ ಜ್ವರವೂ ಮನುಷ್ಯರಿಗೆ ಹತ್ತುವುದಿಲ್ಲ. ಆದರೆ ಹಸಿದ ಉಣ್ಣೆ ಮನುಷ್ಯರನ್ನೂ ಕಚ್ಚುತ್ತದೆ, ತುರಿಕೆ, ಗಾಯ ಆಗುತ್ತದೆ. ಆ ಕೋಣೆಯಲ್ಲಿ ಯಾರೂ ಮಲಗಬೇಡಿ. ಕಿತ್ತ ಉಣ್ಣೆಯನ್ನು ಬರಿ ಬೆರಳಲ್ಲಿ ಜಜ್ಜಬೇಡಿ.

ಸಿಂಧನೂರು ಜೋಳ

ಅಕ್ಕಾರೆ, ನಮ್ಮ ಕಡೆ ಇದರ ಕಾಟ ಬಹಳ. ಕೋಳಿ ಸಾಕುವುದನ್ನೇ ಬಿಟ್ಟು ಒಂದು ಬೇಸಿಗೆ ಗೂಡು ಖಾಲಿ ಇಟ್ಟಿದ್ದೆವು, ಹಸಿದು ಸಾಯುತ್ತವೆ ಅಂತ. ಸಾಯಲಿಲ್ಲ. ಮತ್ತೆ ಕೋಳಿ ತಂದಾಗ ಎಲ್ಲಾ ಹಾಗೇ ಇದ್ದವು. ಕೊನೆಗೆ ಕೂರುವ ಕೋಲುಗಳನ್ನು ಗೋಡೆಯಿಂದ ಪೂರ್ತಿ ಬಿಡಿಸಿದೆವು. ಕಬ್ಬಿಣದ ನಾಲ್ಕು ಕಾಲಿನ ಸ್ಟ್ಯಾಂಡ್ ಮಾಡಿಸಿ, ಪ್ರತಿ ಕಾಲನ್ನೂ ಹಳೇ ಇಂಜಿನ್ ಆಯಿಲ್ ಹಾಕಿದ ಡಬ್ಬಿಯಲ್ಲಿ ನಿಲ್ಲಿಸಿದೆವು. ಗೋಡೆಯಿಂದ ಒಂದು ಮೊಳ ದೂರ. ಕೋಳಿಯ ಮೈಗೆ ಹತ್ತುವ ದಾರಿಯೇ ತಪ್ಪಿತು.

ನಿವೃತ್ತ ಪಶು ಪರಿವೀಕ್ಷಕ

ಸಿಂಧನೂರಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಬೆಳೆದ ಉಣ್ಣೆ ರಕ್ತ ಇಲ್ಲದೆ ವರ್ಷಕ್ಕೂ ಜಾಸ್ತಿ ಕಾಲ ಬದುಕಬಲ್ಲದು. ರೋಗಾಣುವನ್ನು ತನ್ನ ಮೊಟ್ಟೆಯ ಮೂಲಕ ಮುಂದಿನ ಪೀಳಿಗೆಗೂ ದಾಟಿಸುತ್ತದೆ. ಆದ್ದರಿಂದ ಕೋಳಿ ಗುಣವಾದರೂ ಗೋಡೆ ಹಾಗೇ ಇದ್ದರೆ ಕಾಯಿಲೆ ಅಲ್ಲೇ ಕಾಯುತ್ತಿರುತ್ತದೆ.

ಗೋಡೆಯ ಕೆಲಸ ಹೀಗೆ. ಮೊದಲು ಗೂಡಿನ ಹುಲ್ಲು, ಗೋಣಿಚೀಲ, ಮರದ ತುಂಡು ಎಲ್ಲಾ ಹೊರಗೆ ತಂದು ಸುಟ್ಟುಬಿಡಿ. ಬಿರುಕುಗಳನ್ನು ಚಾಕುವಿನಿಂದ ಕೆರೆದು ಉದುರಿದ್ದನ್ನೂ ಸುಡಿ. ದನದ ಉಣ್ಣೆಗೆ ಅಂತ ಪಶು ಔಷಧಿ ಅಂಗಡಿಯಲ್ಲಿ ಸಿಗುವ ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್ ಔಷಧಿಯನ್ನು, ಡಾಕ್ಟರ್ ಹೇಳಿದ ಅಳತೆಯಲ್ಲಿ ನೀರಿಗೆ ಬೆರೆಸಿ ಬಿರುಕಿನೊಳಗೆ ಹೋಗುವ ಹಾಗೆ ಹೊಡೆಯಿರಿ. ಬಾಯಿಗೆ ಬಟ್ಟೆ, ಕೈಗೆ ಗ್ಲೌಸ್ ಇರಲಿ. ಪೂರ್ತಿ ಒಣಗುವ ತನಕ ಒಂದು ಕೋಳಿಯೂ ಒಳಗೆ ಹೋಗಬಾರದು, ಮೇವಿನ ತಟ್ಟೆ, ನೀರಿನ ಬಟ್ಟಲು ಅಲ್ಲಿ ಇರಬಾರದು. ಎರಡು ವಾರ ಬಿಟ್ಟು ಇನ್ನೊಮ್ಮೆ ಹೊಡೆಯಲೇಬೇಕು. ಔಷಧಿ ಉಣ್ಣೆಯ ಮೊಟ್ಟೆಗೆ ತಾಕುವುದಿಲ್ಲ, ಒಡೆದು ಬಂದ ಮರಿಗಳಿಗೆ ಎರಡನೇ ಸಲದ್ದು ಬೇಕು. ಆಮೇಲೆ ಬಿರುಕುಗಳಿಗೆ ಮಣ್ಣು, ಸಿಮೆಂಟ್ ತುಂಬಿ ಮೇಲೆ ಸುಣ್ಣ ಬಳಿಯಿರಿ. ಬೆಂಕಿ ಹಿಡಿದು ಸುಡುವುದೂ ಒಳ್ಳೆಯದೇ, ಆದರೆ ಹಳೇ ಮನೆ, ಮರದ ತೊಲೆ ಇರುವ ಕಡೆ ಅದು ಬೇಡ.

ಬೇವಿನ ಮರದ ಬುಡವನ್ನೂ ಒಮ್ಮೆ ರಾತ್ರಿ ನೋಡಿ. ತೊಗಟೆ ಎದ್ದಿರುವ ಕಡೆ ಸೇರಿಕೊಳ್ಳುವುದುಂಟು.

ಹಿರಿಯೂರು ಹಿತ್ತಲು

ಸರ್, ಆಸ್ಪತ್ರೆಗೆ ಹೋಗಿ ಬಂದೆವು. ಡಾಕ್ಟರ್ ಮೇಡಂ ಸೀಸೆಯಲ್ಲಿದ್ದ ಉಣ್ಣೆ ನೋಡಿದ ಕೂಡಲೇ ರಕ್ತ ತೆಗೆದರು. ನೀವು ಹೇಳಿದ್ದೇ ಆಗಿತ್ತು. ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಸುರುಳಿ ಸುರುಳಿಯಾದ ಸಣ್ಣ ಎಳೆಗಳು ರಕ್ತಕಣಗಳ ನಡುವೆ ಕಂಡವು. ಪೆನ್ಸಿಲಿನ್ ಇಂಜೆಕ್ಷನ್ ಶುರು ಮಾಡಿದರು, ಜೊತೆಗೆ ರಕ್ತ ಹೆಚ್ಚಲು, ಶಕ್ತಿಗೆ ಅಂತ ಹನಿ ಕೊಟ್ಟಿದ್ದಾರೆ. ಹಳದಿ ಪುಡಿ ಬೇಡ ಅಂದರು.

ಎರಡನೇ ಇಂಜೆಕ್ಷನ್ ಆದ ಮೇಲೆ ಕಣ್ಣು ಬಿಟ್ಟಳು. ಈಗ ತಾನಾಗಿ ಗಂಜಿ ಕುಕ್ಕುತ್ತಾಳೆ, ಹಿಕ್ಕೆ ಗಟ್ಟಿಯಾಗಿದೆ. ಕಾಲು ಇನ್ನೂ ಪೂರ್ತಿ ಸರಿಯಾಗಿಲ್ಲ, ಎದ್ದು ನಿಲ್ಲುತ್ತಾಳೆ, ಸ್ವಲ್ಪ ದೂರ ನಡೆದು ಕೂರುತ್ತಾಳೆ. ಜುಟ್ಟಿಗೆ ಬಣ್ಣ ಬರಲು ವಾರಗಳೇ ಬೇಕು ಅಂದರು ಮೇಡಂ. ಗೋಡೆಗೆ ಮೊದಲ ಸಲದ ಔಷಧಿ ಹೊಡೆದಾಯಿತು. ಬೇವಿನ ಮರದಲ್ಲಿ ಏನೂ ಸಿಗಲಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಮುಂದೆ ಅವಳು ಮೊಟ್ಟೆ ಇಟ್ಟರೆ ತಿನ್ನಬಹುದಾ? ಇನ್ನೊಂದು, ಬೇರೆ ಹ್ಯಾಟೆ ಈಗ ಕಾವಿಗೆ ಬಂದಿದೆ. ಗೋಡೆಯ ಗೂಡು ಬಿಟ್ಟರೆ ಎಲ್ಲಿ ಕೂರಿಸಲಿ?

ನಿವೃತ್ತ ಪಶು ಪರಿವೀಕ್ಷಕ

ಬಹಳ ಸಂತೋಷ ಆಯಿತು ತಾಯಿ. ಇಂಜೆಕ್ಷನ್ ನಡೆಯುವಾಗ, ಆಮೇಲೆ ಡಾಕ್ಟರ್ ಹೇಳುವಷ್ಟು ದಿನ, ಕೆಂಚಿ ಮೊಟ್ಟೆ ಇಟ್ಟರೂ ತಿನ್ನಬೇಡಿ, ಮಾರಬೇಡಿ. ಸೊರಗಿದ ಕೋಳಿ ಬೇಗ ಮೊಟ್ಟೆಗೆ ಬರುವುದೂ ಇಲ್ಲ, ಮೈ ತುಂಬಿಕೊಳ್ಳಲಿ ಬಿಡಿ. ಈ ವರ್ಷ ಅದನ್ನು ಮತ್ತೆ ಕಾವಿಗೆ ಕೂರಿಸಬೇಡಿ.

ಬೇರೆ ಹ್ಯಾಟೆಯನ್ನು ಗೋಡೆಯ ಗೂಡಲ್ಲಿ ಕೂರಿಸಲೇಬಾರದು. ಎರಡನೇ ಸಲದ ಔಷಧಿ, ಗಾರೆ, ಸುಣ್ಣ ಎಲ್ಲಾ ಮುಗಿದ ಮೇಲೂ ಒಂದು ಬೇಸಿಗೆ ನೋಡಿ. ದೊಡ್ಡ ಕೋಳಿ ಹೇಗೋ ತಡೆದುಕೊಂಡೀತು, ಈಗ ತಾನೇ ಒಡೆದ ಮರಿಗಳು ಉಣ್ಣೆಗೆ ಒಂದೇ ರಾತ್ರಿಯಲ್ಲಿ ಸಾಯಬಹುದು. ಪ್ಲಾಸ್ಟಿಕ್ ಟಬ್ಬು ಅಥವಾ ಅಲ್ಯೂಮಿನಿಯಂ ಬೋಸಿ ತೆಗೆದುಕೊಳ್ಳಿ, ಬಿರುಕಿಲ್ಲದ ಪಾತ್ರೆ. ತಳಕ್ಕೆ ಒಣ ಮರಳು, ಮೇಲೆ ಹೊಸ ಹುಲ್ಲು. ಗೋಡೆಗೆ ತಾಗದ ಹಾಗೆ, ಸಿಂಧನೂರಿನವರು ಹೇಳಿದಂಥ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡಿ, ಬೆಕ್ಕಿಗೆ ತಂತಿ ಬಲೆ ಕಟ್ಟಿ. ಮೊಟ್ಟೆ ಹನ್ನೆರಡಕ್ಕಿಂತ ಜಾಸ್ತಿ ಬೇಡ. ವಾರಕ್ಕೊಮ್ಮೆ ರಾತ್ರಿ ಟಾರ್ಚ್ ಬಿಟ್ಟು ಕೋಳಿಯ ರೆಕ್ಕೆಯಡಿ ನೋಡಿ.

ಮರಿ ಒಡೆದ ಮೇಲೆ ಮೊದಲ ವಾರದ ಕೊಕ್ಕರೆ ರೋಗದ ಲಸಿಕೆಗೆ ಆಸ್ಪತ್ರೆಯಲ್ಲಿ ಮೊದಲೇ ಹೇಳಿಟ್ಟಿರಿ. ಲಸಿಕೆ ಸೀಸೆ 100 ಮರಿಗೆ ಆಗುವಷ್ಟು ಬರುತ್ತದೆ, ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅದಕ್ಕೆ ಬೀದಿಯಲ್ಲಿ ಮರಿ ಇರುವ ಮನೆಯವರನ್ನೆಲ್ಲ ಒಂದೇ ದಿನ ಸೇರಿಸಿಕೊಳ್ಳಿ.